ಅಣ್ಣತಮ್ಮಂದಿರ ಕಾಳಗದಲ್ಲಿ ಯಾರು ಯಾರ ಕಡೆ? 1996ರ ಒಂದು ಆಟದ ಚರಿತ್ರೆ

ಅಣ್ಣತಮ್ಮಂದಿರ ಜಗಳ ಅಂದರೆ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬದುವಿನ ಮೇಲಿನ ಹುಣಸೆಮರ ಯಾರದು, ಬಾವಿಯ ನೀರು ಯಾರಿಗೆ ಎಷ್ಟು ದಿನ, ಅಪ್ಪ ಬಾಯಿಮಾತಲ್ಲಿ ಹೇಳಿದ ಪಾಲು ಪಹಣಿಯಲ್ಲಿ ಯಾಕೆ ಬಂದಿಲ್ಲ ಅಂತ ಶುರುವಾದ ಮಾತು ತಾಲ್ಲೂಕು ಕೋರ್ಟಿನವರೆಗೆ ಹೋಗುತ್ತದೆ. ಆಗ ಇಬ್ಬರು ಮಾತ್ರ ಹೊಡೆದಾಡುವುದಿಲ್ಲ. ಊರೇ ಎರಡಾಗುತ್ತದೆ. ಬೀಗರು ಒಂದು ಕಡೆ, ಸೋದರಮಾವ ಇನ್ನೊಂದು ಕಡೆ, ಸಾಕ್ಷಿ ಹೇಳುವವರು ಯಾವ ಕಡೆ ಅನ್ನುವುದು ಕೊನೆಯವರೆಗೂ ಗೊತ್ತಾಗುವುದಿಲ್ಲ.

ಈ ಸಲ ನಾವು ಹೇಳಹೊರಟಿರುವುದು ಅಂಥದ್ದೇ ಒಂದು ಜಗಳದ ಕಥೆ. ಆದರೆ ಇದು ನಡೆದದ್ದು ಯಾವ ಊರಿನಲ್ಲೂ ಅಲ್ಲ, ಒಂದು ಕಂಪ್ಯೂಟರ್ ಆಟದೊಳಗೆ. ಆಟದ ಹೆಸರು ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 2’. ಅದರ ಜೊತೆ ಇನ್ನೊಂದು ಹೆಸರೂ ಇದೆ, ‘ದಿ ಸಕ್ಸೆಷನ್ ವಾರ್ಸ್’. ಅಂದರೆ ಪಟ್ಟಕ್ಕಾಗಿ ನಡೆದ ಯುದ್ಧಗಳು. ಅಮೆರಿಕದಲ್ಲಿ ತಯಾರಾದ ಈ ಆಟ ಮಾರುಕಟ್ಟೆಗೆ ಬಂದದ್ದು 1996ರ ಅಕ್ಟೋಬರ್‌ನಲ್ಲಿ. ಆಗ ನಮ್ಮ ಹಳ್ಳಿಗಳಲ್ಲಿ ಫೋನು ಅಂದರೆ ಎಸ್‌ಟಿಡಿ ಬೂತು. ಕಂಪ್ಯೂಟರ್ ಅಂದರೆ ಪೇಪರಿನಲ್ಲಿ ನೋಡಿದ ಚಿತ್ರ.

ಸುಮಾರು ಮೂವತ್ತು ವರ್ಷ ಹಳೆಯ ಆಟದ ಬಗ್ಗೆ ಈಗ್ಯಾಕೆ ಅಂತ ನೀವು ಕೇಳಬಹುದು. ಕಾರಣ ಎರಡು. ಒಂದು, ಈ ಆಟ ಈಗ ಫೋನಿನಲ್ಲೂ ಆಡಬಹುದಾಗಿದೆ, ಅದನ್ನು ಮುಂದೆ ಹೇಳುತ್ತೇವೆ. ಎರಡು, ಇಬ್ಬರು ಸೋದರರ ಯುದ್ಧದಲ್ಲಿ ಬೆಂಬಲ ಹೇಗೆ ಹುಟ್ಟುತ್ತದೆ, ಹೇಗೆ ಮುರಿಯುತ್ತದೆ, ಕೊನೆಗೆ ಲೆಕ್ಕ ಯಾರ ತಲೆಗೆ ಬರುತ್ತದೆ ಅನ್ನುವುದನ್ನು ಇಷ್ಟು ಚೊಕ್ಕವಾಗಿ ತೋರಿಸಿದ ಆಟಗಳು ಕಡಿಮೆ.

ಆಟ ಕಟ್ಟಿದವರು

ಈ ಆಟದ ಹಿಂದಿರುವ ಮುಖ್ಯ ಮನುಷ್ಯ ಜಾನ್ ವಾನ್ ಕ್ಯಾನೆಗಮ್. ಕ್ಯಾಲಿಫೋರ್ನಿಯಾದಲ್ಲಿ 1984ರಲ್ಲಿ ‘ನ್ಯೂ ವರ್ಲ್ಡ್ ಕಂಪ್ಯೂಟಿಂಗ್’ ಅನ್ನುವ ಸಣ್ಣ ಕಂಪನಿ ಶುರು ಮಾಡಿದವರಲ್ಲಿ ಒಬ್ಬ. ‘ಮೈಟ್ ಅಂಡ್ ಮ್ಯಾಜಿಕ್’ ಸರಣಿಯ ಮೊದಲ ಆಟ 1986ರಲ್ಲಿ ಬಂತು. ಅದರ ಬಹುಪಾಲು ಕೆಲಸವನ್ನು ಆತನೊಬ್ಬನೇ ಮಾಡಿದ್ದ. 1990ರಲ್ಲಿ ಅದೇ ಕಂಪನಿ ‘ಕಿಂಗ್ಸ್ ಬೌಂಟಿ’ ಅನ್ನುವ ಇನ್ನೊಂದು ಆಟ ತಂದಿತು. ಒಬ್ಬ ನಾಯಕ ಕುದುರೆಯೇರಿ ನಾಡು ಸುತ್ತುತ್ತಾನೆ, ಹಣ ಕೊಟ್ಟು ಸೈನ್ಯ ಕಟ್ಟುತ್ತಾನೆ, ಎದುರಾಳಿ ಸಿಕ್ಕಾಗ ಚೌಕಾಬಾರದ ಮನೆಗಳ ಹಾಗೆ ಗೆರೆ ಹಾಕಿದ ಬಯಲಿನಲ್ಲಿ ಎರಡು ಪಡೆ ಸರದಿ ಪ್ರಕಾರ ಹೊಡೆದಾಡುತ್ತವೆ. ಹೀರೋಸ್ ಆಟದ ಬೇರು ಇಲ್ಲಿದೆ.

1995ರಲ್ಲಿ ಮೊದಲ ಹೀರೋಸ್ ಬಂತು. ಮರುವರ್ಷವೇ ಎರಡನೆಯದು. ಅದೇ 1996ರಲ್ಲಿ ‘3ಡಿಒ’ ಅನ್ನುವ ದೊಡ್ಡ ಕಂಪನಿ ನ್ಯೂ ವರ್ಲ್ಡ್ ಕಂಪ್ಯೂಟಿಂಗನ್ನು ಕೊಂಡುಕೊಂಡಿತು. ಪಾಲ್ ರೊಮೆರೊ, ರಾಬ್ ಕಿಂಗ್ ಮತ್ತು ಸ್ಟೀವ್ ಬಾಕಾ ಸಂಗೀತ ಕೊಟ್ಟರು. ಕೋಟೆಯೊಳಗೆ ಹೋದರೆ ಪಾಶ್ಚಾತ್ಯ ಆಪೆರಾ ಶೈಲಿಯ ಹಾಡುಗಾರಿಕೆ ಕೇಳಿಸುತ್ತದೆ. ಆಟದ ಸಿಡಿಯಲ್ಲಿ ಅಂಥ ಹಾಡು ಕೇಳುವುದು ಆ ಕಾಲಕ್ಕೆ ಅಪರೂಪವೇ ಆಗಿತ್ತು.

ಜಗಳ ಶುರುವಾದದ್ದು ಹೇಗೆ?

ಮೊದಲ ಆಟದ ಕಥೆಯಿಂದ ಶುರು ಮಾಡೋಣ. ಮಾರ್ಗ್ಲಿನ್ ಐರನ್‌ಫಿಸ್ಟ್ ಅನ್ನುವವನ ಪಟ್ಟವನ್ನು ಅವನ ದಾಯಾದಿ ರಾಗ್ನರ್ ಕಸಿದುಕೊಳ್ಳುತ್ತಾನೆ. ಮಾರ್ಗ್ಲಿನ್ ತಪ್ಪಿಸಿಕೊಂಡು ಒಂದು ಮಾಯಾದ್ವಾರದ ಮೂಲಕ ಎನ್ರಾತ್ ಅನ್ನುವ ಹೊಸ ನೆಲಕ್ಕೆ ಬಂದು ಬೀಳುತ್ತಾನೆ. ಅಲ್ಲಿ ಆಗಲೇ ಮೂವರು ಅಧಿಪತಿಗಳ ಪೈಪೋಟಿ ನಡೆದಿರುತ್ತದೆ. ಕಾಡುಪಡೆಯ ಸ್ಲೇಯರ್, ಮಾಂತ್ರಿಕಳಾದ ಲಮಾಂಡಾ, ಕರಾಳ ಮಾಂತ್ರಿಕ ಅಲಮಾರ್. ಮಾರ್ಗ್ಲಿನ್ ಅವರನ್ನು ಸೋಲಿಸಿ ಎನ್ರಾತಿಗೆ ರಾಜನಾಗುತ್ತಾನೆ.

ದಾಯಾದಿಯಿಂದ ಮನೆ ಕಳೆದುಕೊಂಡವನು ಹೊಸ ಮನೆ ಕಟ್ಟಿದ. ಆದರೆ ಅವನ ಕಾಲಾನಂತರ ಅದೇ ಮನೆಯಲ್ಲಿ ಮತ್ತೆ ಅದೇ ಜಗಳ. ಅವನಿಗೆ ಇಬ್ಬರು ಗಂಡುಮಕ್ಕಳು, ರೋಲಂಡ್ ಮತ್ತು ಆರ್ಚಿಬಾಲ್ಡ್. ಪಟ್ಟ ಯಾರಿಗೆ ಅನ್ನುವುದನ್ನು ಹೇಳಬೇಕಾದವನು ಅರಮನೆಯ ಕಾಲಜ್ಞಾನಿ. ಅವನ ಮಾತೇ ಅಲ್ಲಿ ಉಯಿಲು ಇದ್ದ ಹಾಗೆ. ಆದರೆ ಆ ಕಾಲಜ್ಞಾನಿ ಸಾಯುತ್ತಾನೆ. ಅವನ ಜಾಗಕ್ಕೆ ಬಂದವರೂ ಒಬ್ಬರ ಹಿಂದೆ ಒಬ್ಬರು ಅನುಮಾನ ಬರುವ ರೀತಿಯಲ್ಲಿ ಸಾಯುತ್ತಾರೆ. ಇದೆಲ್ಲ ರೋಲಂಡನ ಕೆಲಸ ಅಂತ ಆರ್ಚಿಬಾಲ್ಡ್ ಆರೋಪ ಹೊರಿಸುತ್ತಾನೆ. ಜೀವ ಉಳಿಸಿಕೊಳ್ಳಲು ರೋಲಂಡ್ ಅರಮನೆ ಬಿಟ್ಟು ಓಡಬೇಕಾಗುತ್ತದೆ. ಅವನು ಹೋದ ಮೇಲೆ ಹೊಸ ಕಾಲಜ್ಞಾನಿ ಆರ್ಚಿಬಾಲ್ಡನ ಹೆಸರು ಹೇಳುತ್ತಾನೆ. ಅಲ್ಲಿಂದ ಯುದ್ಧ.

ಉಯಿಲು ಬರೆಸುವವರ, ಸಾಕ್ಷಿ ಹಾಕುವವರ ಕಥೆ ಕೇಳಿ ಬೆಳೆದ ನಮಗೆ ಇದರಲ್ಲಿ ಯಾವುದೂ ವಿಚಿತ್ರ ಅನ್ನಿಸುವುದಿಲ್ಲ. ಕತ್ತಿ ಹಿಡಿಯುವ ಮೊದಲೇ ಅರ್ಧ ಯುದ್ಧ ಕಾಗದದ ಮೇಲೆ ಮುಗಿದಿರುತ್ತದೆ. ಸಿಂಹಾಸನದ ಮೇಲೆ ಕೂತವನು ‘ರಾಜ’, ಹೊರಗೆ ಉಳಿದವನು ‘ಬಂಡುಕೋರ’. ಆಟದಲ್ಲೂ ಹಾಗೇ. ರೋಲಂಡನ ಕಡೆಯಿಂದ ಆಡಿದರೆ ಅದು ದಂಗೆ. ಆರ್ಚಿಬಾಲ್ಡನ ಕಡೆಯಿಂದ ಆಡಿದರೆ ರಾಜಾಜ್ಞೆ.

ನಾವು ಯಾರು ಇಲ್ಲಿ?

ಆಟ ಶುರುವಾದಾಗ ಯಾರ ಕಡೆ ಅಂತ ನೀವೇ ಆರಿಸಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ನೀವು ರೋಲಂಡ್ ಆಗುವುದಿಲ್ಲ, ಆರ್ಚಿಬಾಲ್ಡನೂ ಆಗುವುದಿಲ್ಲ. ಅವರ ಪರವಾಗಿ ಹೊಡೆದಾಡುವ ದಂಡನಾಯಕ ಆಗುತ್ತೀರಿ. ಸೋದರರು ಆಜ್ಞೆ ಕೊಡುತ್ತಾರೆ. ಹೋಗಿ ಕೋಟೆ ಹಿಡಿಯುವವರು ನೀವು.

ಇಬ್ಬರ ಕಡೆಯ ಮೊದಲ ಹಂತಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಎರಡೂ ಕಡೆ ಕೆಲಸ ಒಂದೇ. ಮೊದಲು ಸುತ್ತಲಿನ ಸಣ್ಣಪುಟ್ಟ ಪಾಳೇಗಾರರನ್ನು ಬಗ್ಗಿಸಬೇಕು. ಆ ಪಾಳೇಗಾರರಲ್ಲಿ ಒಗ್ಗಟ್ಟಿಲ್ಲ, ತಮ್ಮತಮ್ಮಲ್ಲೇ ಹೊಡೆದಾಡಿಕೊಂಡಿರುತ್ತಾರೆ, ಹಾಗಾಗಿ ಗೆಲುವು ಸುಲಭ. ಆಮೇಲೆ ರೋಲಂಡನ ಕಡೆ ಒಂದು ಹಂತ ಬರುತ್ತದೆ. ಅವನಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದ ಶ್ರೀಮಂತ ಅಧಿಪತಿಗಳನ್ನು ಬಲವಂತದಿಂದ ಒಳಗೆ ಸೇರಿಸಿಕೊಳ್ಳಬೇಕು. ಆರ್ಚಿಬಾಲ್ಡನ ಕಡೆ ಉತ್ತರದ ಕಾಡುಪಡೆಗಳನ್ನು ಗೆದ್ದು ಒಂದು ಮಾಡಬೇಕು. ಒಬ್ಬ ‘ಒಳ್ಳೆಯವನು’, ಇನ್ನೊಬ್ಬ ‘ಕೆಟ್ಟವನು’ ಅಂತ ಕಥೆ ಹೇಳುತ್ತದೆ. ತಟಸ್ಥವಾಗಿ ಕೂರುತ್ತೇನೆ ಅಂದವನಿಗೆ ಮಾತ್ರ ಎರಡೂ ಕಡೆಯಿಂದ ಒಂದೇ ಗತಿ. ಮಹಾಭಾರತದ ಬಲರಾಮ ತೀರ್ಥಯಾತ್ರೆಗೆ ಹೊರಟು ಆ ಯುದ್ಧದಿಂದ ದೂರ ಉಳಿದ. ಎನ್ರಾತಿನ ಪಾಳೇಗಾರರಿಗೆ ಆ ದಾರಿ ಇರಲಿಲ್ಲ.

ಆರು ಬಣಗಳು

ಮೊದಲ ಆಟದಲ್ಲಿ ನಾಲ್ಕು ಬಣ ಇದ್ದವು. ಎರಡನೆಯದರಲ್ಲಿ ಆರಾದವು. ಸೋದರರಿಬ್ಬರ ನಡುವೆ ಇವು ಮೂರು ಮೂರಾಗಿ ಹಂಚಿಹೋಗುತ್ತವೆ.

ರೋಲಂಡನ ಕಡೆಗೆ ನೈಟ್‌ಗಳು ಅಂದರೆ ಕುದುರೆಯೇರಿದ ಕ್ಷತ್ರಿಯರು, ಕಾಡಿನ ಮಾಂತ್ರಿಕ ಸ್ತ್ರೀಯರು, ಮತ್ತು ಪಂಡಿತ ಮಾಂತ್ರಿಕರು. ಆರ್ಚಿಬಾಲ್ಡನ ಕಡೆಗೆ ಕಾಡುಪಡೆಯವರು, ಕರಾಳ ಮಾಂತ್ರಿಕರು, ಮತ್ತು ಹೆಣಗಳನ್ನು ಎಬ್ಬಿಸಿ ದುಡಿಸಿಕೊಳ್ಳುವ ನೆಕ್ರೊಮ್ಯಾನ್ಸರ್‌ಗಳು. ಪಂಡಿತರು ಮತ್ತು ಹೆಣ ಎಬ್ಬಿಸುವವರು ಈ ಎರಡನೆಯ ಆಟದಲ್ಲಿ ಹೊಸದಾಗಿ ಸೇರಿದವರು.

ಪ್ರತಿ ಬಣದಲ್ಲಿ ಆರು ಬಗೆಯ ಸೈನಿಕರು. ನೈಟ್‌ಗಳ ಪಡೆ ರೈತನಿಂದ ಶುರುವಾಗಿ ಬಿಲ್ಲುಗಾರ, ಈಟಿಯವನು, ಕತ್ತಿಯವನು, ರಾವುತ, ಕೊನೆಗೆ ಪ್ಯಾಲಡಿನ್ ಅನ್ನುವ ವೀರನವರೆಗೆ ಹೋಗುತ್ತದೆ. ಕಾಡುಪಡೆಯಲ್ಲಿ ತೋಳ, ಓಗರ್ ಅನ್ನುವ ರಾಕ್ಷಸ, ಒಕ್ಕಣ್ಣಿನ ದೈತ್ಯ. ಮಾಂತ್ರಿಕ ಸ್ತ್ರೀಯರ ಪಡೆಯಲ್ಲಿ ಕುಳ್ಳರು, ಎಲ್ಫ್ ಬಿಲ್ಲುಗಾರರು, ಬೆಂಕಿಹಕ್ಕಿ. ಕರಾಳ ಮಾಂತ್ರಿಕರ ಕೈಯಲ್ಲಿ ಡ್ರ್ಯಾಗನ್‌ಗಳು. ಅದರಲ್ಲೂ ಕರಿ ಡ್ರ್ಯಾಗನ್ನಿಗೆ ಯಾವ ಮಂತ್ರವೂ ತಾಗುವುದಿಲ್ಲ. ಪಂಡಿತರ ಬಳಿ ಟೈಟನ್ ಅನ್ನುವ ಮಹಾದೈತ್ಯ. ಹೆಣದ ಪಡೆಯಲ್ಲಿ ಅಸ್ಥಿಪಂಜರ, ರಕ್ತ ಹೀರಿ ಸತ್ತ ತನ್ನವರನ್ನೇ ಎಬ್ಬಿಸಿಕೊಳ್ಳುವ ವ್ಯಾಂಪೈರ್ ದೊರೆ, ಮೂಳೆಯ ಡ್ರ್ಯಾಗನ್. ಹಣ ಸುರಿದರೆ ಎಷ್ಟೋ ಸೈನಿಕರನ್ನು ಮೇಲಿನ ದರ್ಜೆಗೆ ಏರಿಸುವ ವ್ಯವಸ್ಥೆಯೂ ಈ ಆಟದಲ್ಲೇ ಮೊದಲು ಬಂತು.

ಇವರನ್ನೆಲ್ಲ ನಡೆಸುವವನು ನಾಯಕ. ಕೋಟೆಯಲ್ಲಿ 2500 ಹೊನ್ನು ಕೊಟ್ಟರೆ ಒಬ್ಬ ನಾಯಕ ಸಿಗುತ್ತಾನೆ. ಅವನ ಕೈಕೆಳಗೆ ಐದು ಗುಂಪು ಸೈನ್ಯ. ಅವನಿಗೆ ನಾಲ್ಕು ಮೂಲಗುಣಗಳು: ಹೊಡೆತ, ರಕ್ಷಣೆ, ಮಂತ್ರಶಕ್ತಿ, ಜ್ಞಾನ. ಅದರ ಮೇಲೆ ಹದಿನಾಲ್ಕು ವಿದ್ಯೆಗಳಲ್ಲಿ ಎಂಟನ್ನು ಕಲಿಯಬಹುದು. ಪ್ರತಿ ವಿದ್ಯೆಗೂ ಮೂರು ಮೆಟ್ಟಿಲು.

ಒಂದು ದಿನ ಅಂದರೆ ಒಂದು ಸರದಿ. ಏಳು ದಿನಕ್ಕೆ ವಾರ. ವಾರಕ್ಕೊಮ್ಮೆ ಹೊಸ ಸೈನಿಕರು ತಯಾರಾಗುತ್ತಾರೆ. ಒಂದು ಕೋಟೆಯಲ್ಲಿ ದಿನಕ್ಕೆ ಒಂದೇ ಕಟ್ಟಡ ಕಟ್ಟಬಹುದು. ಮರ, ಅದಿರು, ಪಾದರಸ, ಗಂಧಕ, ಸ್ಫಟಿಕ, ರತ್ನ, ಹೊನ್ನು ಅಂತ ಏಳು ಸಂಪತ್ತು. ಗಣಿ ಹಿಡಿದವನಿಗೆ ದಿನವೂ ಆದಾಯ. ಹಾಗಾಗಿ ಸಿಂಹಾಸನದ ಯುದ್ಧ ಅಂತ ಹೆಸರಿದ್ದರೂ ದಿನದಿನದ ಹೊಡೆದಾಟ ನಡೆಯುವುದು ಗಣಿಗಾಗಿ, ಮರದ ಮಿಲ್ಲಿಗಾಗಿ.

ಬೆಂಬಲ ಹುಟ್ಟುವ ನಾಲ್ಕು ದಾರಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಆಟದಲ್ಲಿ ನಿಮ್ಮ ಕಡೆಗೆ ಜನ ಬರುವುದು ಹೇಗೆ? ನಾವು ಲೆಕ್ಕ ಹಾಕಿದಂತೆ ನಾಲ್ಕು ದಾರಿಗಳಿವೆ.

ಮೊದಲನೆಯದು ಹಣ. ಕೋಟೆಯಲ್ಲಿ ಕೊಂಡ ಸೈನಿಕ ಹಣದ ಸೈನಿಕ. ಇಷ್ಟು ಹೊನ್ನು, ಇಷ್ಟು ಜನ. ಮಾತಿಲ್ಲ, ಕಥೆಯಿಲ್ಲ.

ಎರಡನೆಯದು ಮಾತು. ನಾಯಕನ ವಿದ್ಯೆಗಳಲ್ಲಿ ‘ಡಿಪ್ಲೊಮಸಿ’ ಅಂತ ಒಂದಿದೆ, ಸಂಧಾನದ ವಿದ್ಯೆ. ದಾರಿಯಲ್ಲಿ ಅಡ್ಡ ನಿಂತ ಗುಂಪು ನಿಮ್ಮ ಪಡೆಗಿಂತ ದುರ್ಬಲವಾಗಿದ್ದರೆ ಅದರೊಂದಿಗೆ ಹೊಡೆದಾಡದೆ ಮಾತಾಡಬಹುದು. ಮೊದಲ ಮೆಟ್ಟಿಲಿನಲ್ಲಿ ಆ ಗುಂಪಿನ ಕಾಲುಭಾಗ, ಎರಡನೆಯದರಲ್ಲಿ ಅರ್ಧ, ಮೂರನೆಯದರಲ್ಲಿ ಪೂರ್ತಿ ಗುಂಪು ಹಣಕ್ಕೆ ಒಪ್ಪಿ ನಿಮ್ಮ ಜೊತೆ ಬರಬಹುದು. ಗಮನಿಸಿ, ಬಲ ಇಲ್ಲದವನ ಸಂಧಾನಕ್ಕೆ ಇಲ್ಲಿ ಕಿಮ್ಮತ್ತಿಲ್ಲ. ನಿಮ್ಮ ಹಿಂದೆ ಸೈನ್ಯ ಕಂಡರೆ ಮಾತ್ರ ಎದುರಿನವರು ಮಾತು ಕೇಳುತ್ತಾರೆ. ಪಂಚಾಯ್ತಿ ಕಟ್ಟೆಯ ರಾಜಿಗಳನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಮೂರನೆಯದು ಹೆಣ. ನೆಕ್ರೊಮ್ಯಾನ್ಸರ್ ನಾಯಕ ಯುದ್ಧ ಗೆದ್ದಾಗ ಸತ್ತವರಲ್ಲಿ ಒಂದು ಪಾಲು ಅಸ್ಥಿಪಂಜರಗಳಾಗಿ ಎದ್ದು ಅವನ ಪಡೆ ಸೇರುತ್ತದೆ. ವಿದ್ಯೆಯ ಮೆಟ್ಟಿಲಿನ ಪ್ರಕಾರ ನೂರಕ್ಕೆ 10, 20 ಅಥವಾ 30. ಖರ್ಚಿಲ್ಲ, ಕೂಲಿಯಿಲ್ಲ. ನಿನ್ನೆ ಎದುರು ನಿಂತವನೇ ಇವತ್ತು ಅವನ ಸಾಲಿನಲ್ಲಿ.

ನಾಲ್ಕನೆಯದು ಋಣ. ನಮಗೆ ಅತಿ ಹೆಚ್ಚು ಹಿಡಿಸಿದ್ದು ಇದು. ರೋಲಂಡನ ಕಡೆಯ ಒಂದು ಹಂತದಲ್ಲಿ ಕುಳ್ಳರ ಊರುಗಳ ಮೇಲೆ ಆರ್ಚಿಬಾಲ್ಡನ ಪಡೆ ಬೀಳುತ್ತದೆ. ಅವರನ್ನು ಕಾಪಾಡುವುದು ನಿಮ್ಮ ಕೆಲಸ. ಕುಳ್ಳರ ಊರುಗಳೆಲ್ಲ ಒಟ್ಟಿಗೆ ಕೈಬಿಟ್ಟು ಹೋದರೆ ನೀವು ಸೋತಂತೆ. ಕಾಪಾಡಿದಿರಿ ಅನ್ನಿ, ಮುಂದಿನ ಹಂತಗಳಲ್ಲಿ ದಾರಿಯಲ್ಲಿ ಎದುರಾಗುವ ಕುಳ್ಳರು ಹೊಡೆದಾಡದೆ ನಿಮ್ಮ ಪಡೆ ಸೇರುತ್ತಾರೆ. ಒಂದು ಊರಿನಲ್ಲಿ ಮಾಡಿದ ಉಪಕಾರ ಮುಂದಿನ ಊರಿಗೆ ನಿಮಗಿಂತ ಮೊದಲೇ ತಲುಪಿರುತ್ತದೆ.

ಇದಕ್ಕೆ ಉಲ್ಟಾ ಚಿತ್ರ ಆರ್ಚಿಬಾಲ್ಡನ ಕಡೆ ಇದೆ. ಅಲ್ಲಿ ಆಜ್ಞೆಯೇ ಬೇರೆ. ಕುಳ್ಳರು ರಾಜನ ಯೋಜನೆಗೆ ಅಡ್ಡಬರುವ ಮೊದಲೇ ಅವರನ್ನು ಸದೆಬಡಿಯಬೇಕು. ಗೆದ್ದರೆ ಮುಂದೆ ಎಲ್ಲಿ ಕುಳ್ಳರು ಸಿಕ್ಕರೂ ನಿಮ್ಮನ್ನು ಕಂಡ ಕೂಡಲೇ ಓಡಿಹೋಗುತ್ತಾರೆ. ಒಂದೇ ಜನ, ಒಂದೇ ಕಾಲ. ಒಬ್ಬನಿಗೆ ಬಂಟರು, ಇನ್ನೊಬ್ಬನಿಗೆ ಖಾಲಿ ದಾರಿ.

ಹಾಗಂತ ಆರ್ಚಿಬಾಲ್ಡನಿಗೆ ಬೆಂಬಲವೇ ಇಲ್ಲ ಅಂದುಕೊಳ್ಳಬೇಡಿ. ಉತ್ತರದ ಕಾಡುಪಡೆಗಳನ್ನು ಗೆದ್ದರೆ ಓಗರ್‌ಗಳು ಅವನವರಾಗುತ್ತಾರೆ. ಒಂದು ದ್ವೀಪದಲ್ಲಿ ಡ್ರ್ಯಾಗನ್ ನಗರಿ ಹಿಡಿದರೆ ಡ್ರ್ಯಾಗನ್‌ಗಳು ಜೊತೆಯಾಗುತ್ತವೆ. ರೋಲಂಡನಿಗೂ ಇನ್ನೊಂದು ಅವಕಾಶ ಇದೆ. ನೊರಾಸ್ಟನ್ ಅನ್ನುವ ಊರಿನ ಮಾಂತ್ರಿಕ ಸ್ತ್ರೀಯರ ಸಂಘ ಸಹಾಯ ಕೇಳುತ್ತದೆ, ಆ ಊರು ಬೀಳದಂತೆ ನೋಡಿಕೊಂಡು ಶತ್ರು ಕೋಟೆಗಳನ್ನು ಹಿಡಿಯಬೇಕು. ವ್ಯತ್ಯಾಸ ನೋಡಿ. ಒಬ್ಬ ಕರೆದಲ್ಲಿಗೆ ಹೋಗಿ ಬೆಂಬಲ ಸಂಪಾದಿಸುತ್ತಾನೆ. ಇನ್ನೊಬ್ಬ ಗೆದ್ದು ಬೆಂಬಲ ಹಿಡಿಯುತ್ತಾನೆ. ಆಟ ಇಬ್ಬರಿಗೂ ಗೆಲ್ಲುವ ದಾರಿ ಇಟ್ಟಿದೆ.

ಬಗೆಬಗೆಯ ಜನ ಒಂದೇ ಪಡೆಯಲ್ಲಿ

ಎಲ್ಲರನ್ನೂ ಸೇರಿಸಿಕೊಂಡರೆ ಬಲ ಹೆಚ್ಚುತ್ತದೆ ಅಂತ ಅನ್ನಿಸಬಹುದು. ಆಟ ಅದಕ್ಕೂ ಒಂದು ಲಗಾಮು ಹಾಕಿದೆ. ಐದೂ ಗುಂಪು ಒಂದೇ ಬಣದವರಾದರೆ ಪಡೆಯ ಹುರುಪು ಏರುತ್ತದೆ. ಮೂರು ಬಣ ಬೆರೆತರೆ ಹುರುಪು ಇಳಿಯಲು ಶುರು. ಜೀವಂತ ಸೈನಿಕರ ಪಕ್ಕ ಅಸ್ಥಿಪಂಜರ ನಿಲ್ಲಿಸಿದರೆ ಇನ್ನೂ ಇಳಿಯುತ್ತದೆ. ಹುರುಪು ಇದ್ದವನಿಗೆ ಕೆಲವು ಸಲ ಒಂದೇ ಸುತ್ತಿನಲ್ಲಿ ಎರಡು ಏಟು ಹೊಡೆಯುವ ಅವಕಾಶ. ಹುರುಪು ಇಲ್ಲದವನು ತನ್ನ ಸರದಿ ಬಂದಾಗ ಹೆದರಿ ಸುಮ್ಮನೆ ನಿಂತುಬಿಡುತ್ತಾನೆ. ಹೆಣಗಳಿಗೆ ಮಾತ್ರ ಹುರುಪೂ ಇಲ್ಲ, ಭಯವೂ ಇಲ್ಲ.

ಕುರುಕ್ಷೇತ್ರದಲ್ಲಿ ಕೌರವರ ಕಡೆ ಹನ್ನೊಂದು ಅಕ್ಷೋಹಿಣಿ, ಪಾಂಡವರ ಕಡೆ ಏಳು. ದುರ್ಯೋಧನನ ಕಡೆ ಸಂಖ್ಯೆ ಇತ್ತು. ಆದರೆ ಭೀಷ್ಮ ಇರುವವರೆಗೆ ಕರ್ಣ ಕತ್ತಿ ಎತ್ತಲಿಲ್ಲ. ಸತ್ಕಾರಕ್ಕೆ ಮರುಳಾಗಿ ಮಾತು ಕೊಟ್ಟು ಸಿಕ್ಕಿಬಿದ್ದ ಶಲ್ಯ, ಕರ್ಣನ ಸಾರಥಿಯಾಗಿ ಕೂತು ಅವನನ್ನೇ ಹಂಗಿಸಿದ. ಸೇರಿಸಿಕೊಂಡ ಬೆಂಬಲ ಎಲ್ಲವೂ ಬಲವಲ್ಲ ಅನ್ನುವ ಪಾಠವನ್ನು ಬಯಲಾಟ ನೋಡಿದ ನಮ್ಮ ಹಿರಿಯರಿಗೆ ಯಾವ ಆಟವೂ ಕಲಿಸಬೇಕಿಲ್ಲ. ಈ ಆಟ ಅದನ್ನೇ ಒಂದು ಲೆಕ್ಕವಾಗಿ ಮಾಡಿ ಪರದೆಯ ಮೇಲೆ ಇಟ್ಟಿದೆ, ಅಷ್ಟೆ.

ಪಕ್ಷ ಬಿಡುವ ಹೊತ್ತು

ಎರಡೂ ಕಡೆಯ ಕಥೆಯ ಮಧ್ಯದಲ್ಲಿ ಒಂದು ಕವಲು ಬರುತ್ತದೆ. ಎದುರಾಳಿ ಸೋದರನಿಂದ ನಿಮಗೆ ಕರೆ ಬರುತ್ತದೆ: ನನ್ನ ಕಡೆ ಬಾ. ಬೇಡ ಅಂದರೆ ಇದ್ದಲ್ಲೇ ಮುಂದುವರಿಯಬಹುದು. ಒಪ್ಪಿದರೆ ಪಕ್ಷ ಬದಲಿಸುವ ಒಂದು ಹಂತ ಆಡಬೇಕು. ಅಲ್ಲಿ ನಿಮ್ಮ ಕೈಯಲ್ಲಿ ಮೂರು ಕೋಟೆ, ಎದುರಾಳಿಯ ಬಳಿ ಒಂದೇ.   ಗೆದ್ದರೆ ಅಲ್ಲಿಂದ ಮುಂದೆ ನೀವು ಇನ್ನೊಬ್ಬ ಸೋದರನ ದಂಡನಾಯಕ.

1996ರ ಆಟವೊಂದು ಆಡುವವನಿಗೇ ಹೀಗೆ ಕೇಳಿತು ಅನ್ನುವುದು ಸಣ್ಣ ಮಾತಲ್ಲ. ನಮ್ಮ ಕಥೆಗಳಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳಿವೆ. ಅಣ್ಣ ತಪ್ಪು ಮಾಡಿದ ಅಂತ ವಿಭೀಷಣ ರಾಮನ ಕಡೆ ಹೋದ. ಅಣ್ಣ ತಪ್ಪು ಮಾಡಿದ ಅಂತ ಗೊತ್ತಿದ್ದೂ ಕುಂಭಕರ್ಣ ಅಣ್ಣನಿಗಾಗಿ ಸತ್ತ. ಕೌರವರ ಪೈಕಿ ಯುಯುತ್ಸು ಯುದ್ಧ ಶುರುವಾಗುವ ಹೊತ್ತಿಗೆ ಪಾಂಡವರ ಕಡೆ ನಡೆದುಹೋದ. ಪಾಂಡವರು ನಿನ್ನ ತಮ್ಮಂದಿರು, ಬಾ ಅಂತ ಕೃಷ್ಣ ಕರೆದರೂ ಕರ್ಣ ಹೋಗಲಿಲ್ಲ. ಇವರಲ್ಲಿ ಯಾರು ಸರಿ ಅನ್ನುವ ವಾದ ಯಕ್ಷಗಾನದ ತಾಳಮದ್ದಳೆಯಲ್ಲಿ ರಾತ್ರಿಯಿಡೀ ನಡೆಯುತ್ತದೆ, ಬೆಳಗಾದರೂ ತೀರ್ಮಾನ ಆಗುವುದಿಲ್ಲ. ಆಟವೂ ತೀರ್ಮಾನ ಕೊಡುವುದಿಲ್ಲ. ಪಕ್ಷ ಬಿಡುವ ದಾರಿಯನ್ನು ಮಾತ್ರ ತೆರೆದಿಟ್ಟಿದೆ.

ಬಿಡದೆ ನಿಂತವರ ಪೈಕಿ ಒಬ್ಬನನ್ನು ಹೆಸರಿಸಬೇಕು. ಲಾರ್ಡ್ ಕಾರ್ಲಗಾನ್, ಆರ್ಚಿಬಾಲ್ಡನ ಅನುಭವಿ ಸೇನಾಪತಿ. ರೋಲಂಡನ ಕಡೆಯಿಂದ ಆಡುವವರು ಕೊನೆಯ ಯುದ್ಧದ ಮೊದಲು ಇವನನ್ನು ಎದುರಿಸಬೇಕು. ಇಲ್ಲಿ ಅವನನ್ನು ಸೋಲಿಸಿದರೆ ಕೊನೆಯ ಯುದ್ಧದಲ್ಲಿ ಅವನು ಇರುವುದಿಲ್ಲ. ಆರ್ಚಿಬಾಲ್ಡನ ಕಡೆಯಿಂದ ಆಡುವವರಿಗೆ ಕೊನೆಯ ಯುದ್ಧದಲ್ಲಿ ಇನ್ನೊಂದು ಷರತ್ತು: ರೋಲಂಡನನ್ನು ಹಿಡಿಯಬೇಕು, ಆದರೆ ಕಾರ್ಲಗಾನ್ ಸೋಲಬಾರದು. ಸೋದರರ ಯುದ್ಧದಲ್ಲಿ ಇಷ್ಟು ತೂಕ ಪಡೆದ ಬಂಟ ಇವನೊಬ್ಬನೇ.

ಇಪ್ಪತ್ತು ಹೊನ್ನಿನ ರೈತ

ಈಗ ಪಡೆಯ ಇನ್ನೊಂದು ತುದಿಗೆ ಬರೋಣ. ಈ ಆಟದಲ್ಲಿ ಅತಿ ಅಗ್ಗದ ಸೈನಿಕ ಯಾರು ಗೊತ್ತೇ? ರೈತ. ಹುಲ್ಲಿನ ಗುಡಿಸಲು ಕಟ್ಟಿಸಿದರೆ ಸಿಗುತ್ತಾನೆ. ಬೆಲೆ 20 ಹೊನ್ನು. ಪ್ರಾಣಬಲ 1. ಹೊಡೆತ 1, ರಕ್ಷಣೆ 1. ಒಂದು ಏಟು ತಾಗಿದರೆ ಸತ್ತ. ವಾರಕ್ಕೆ 12 ಜನ ಹುಟ್ಟುತ್ತಾರೆ, ಬೇರೆ ಯಾವ ಸೈನಿಕನಿಗಿಂತಲೂ ಹೆಚ್ಚು. ಟೈಟನ್ ಒಬ್ಬನಿಗೆ 5000 ಹೊನ್ನು, ಮೇಲೆ ರತ್ನ ಬೇರೆ. ಪ್ರಾಣಬಲ 300. ಅಂದರೆ ಒಬ್ಬ ಟೈಟನ್ನಿನ ಹೊನ್ನಿಗೆ 250 ರೈತರು ಬರುತ್ತಾರೆ.

ಆಡುವವರು ರೈತರನ್ನು ಹೇಗೆ ಬಳಸುತ್ತಾರೆ ಅಂದರೆ ಬಿಲ್ಲುಗಾರರ ಮುಂದೆ ಬೇಲಿಯ ಹಾಗೆ ನಿಲ್ಲಿಸಲು, ಎದುರಾಳಿಯ ಮೊದಲ ಏಟು ತಿನ್ನಿಸಲು. ಅಸಲಿ ಚರಿತ್ರೆಯಲ್ಲೂ ರಾಜರು ನೇಗಿಲು ಬಿಡಿಸಿ ಕರೆತಂದವರನ್ನು ಬಹಳ ಸಲ ಹೀಗೇ ಬಳಸಿದರು. ಆಟ ಮಾಡಿದವರು ಈ ಬೆಲೆಪಟ್ಟಿ ಬರೆಯುವಾಗ ದೊಡ್ಡ ಮಾತು ಹೇಳಲು ಹೊರಟಿದ್ದರು ಅಂತ ನಾವು ಹೇಳುವುದಿಲ್ಲ. ಬೆಲೆಪಟ್ಟಿ ತಾನೇ ಹೇಳುತ್ತದೆ.

ಆದರೆ ಆರ್ಚಿಬಾಲ್ಡನ ಕಥೆಯಲ್ಲಿ ಒಂದು ಹಂತ ಇದೆ, ಹೆಸರು ‘ರೆಬೆಲಿಯನ್’. ರಾಜನ ವಿರುದ್ಧ ರೈತರೇ ದಂಗೆ ಏಳುತ್ತಾರೆ. ಮುಂದೆ ನಿಂತವರು ರೋಲಂಡನ ಕಡೆಯವರು. ಇಲ್ಲಿ ಶತ್ರುಗಳೆಲ್ಲ ಒಂದಾಗಿರುತ್ತಾರೆ. ದಂಗೆ ಅಡಗಿಸಲು ಆರ್ಚಿಬಾಲ್ಡ್ ತನ್ನ ಅತಿ ದೊಡ್ಡ ಸೇನಾಪತಿ ಕಾರ್ಲಗಾನನನ್ನೇ ನಿಮ್ಮ ಜೊತೆ ಕಳಿಸುತ್ತಾನೆ. ಕಾಡುಪಡೆಗಳನ್ನು ಬಗ್ಗಿಸಲು ಅವನನ್ನು ಕಳಿಸಿರಲಿಲ್ಲ. ಕುಳ್ಳರನ್ನು ಸದೆಬಡಿಯಲೂ ಕಳಿಸಿರಲಿಲ್ಲ. ಇಪ್ಪತ್ತು ಹೊನ್ನಿನವರು ಎದ್ದು ನಿಂತಾಗ ಕಳಿಸಿದ. ಇಡೀ ಆಟದಲ್ಲಿ ನಮಗೆ ಮತ್ತೆ ಮತ್ತೆ ನೆನಪಾಗುವ ಹಂತ ಇದು.

ಆಮೇಲೆ ಏನಾಯಿತು?

ಆಟದೊಳಗೆ ಯಾರು ಬೇಕಾದರೂ ಗೆಲ್ಲಬಹುದು. ಆದರೆ ಮುಂದಿನ ಆಟಗಳು ಒಂದು ಗೆಲುವನ್ನೇ ನಿಜ ಅಂತ ಹಿಡಿದವು. ರೋಲಂಡ್ ಗೆದ್ದ. ಆರ್ಚಿಬಾಲ್ಡನನ್ನು ಕೊಲ್ಲಲಿಲ್ಲ, ಕಲ್ಲಾಗಿಸಿ ಇಟ್ಟರು. ಅಹಲ್ಯೆಯ ಹಾಗೆ ಅವನೂ ಕಲ್ಲಾಗಿ ಕಾದ.

1997ರಲ್ಲಿ ‘ದಿ ಪ್ರೈಸ್ ಆಫ್ ಲಾಯಲ್ಟಿ’ ಅಂದರೆ ನಿಷ್ಠೆಯ ಬೆಲೆ ಅನ್ನುವ ವಿಸ್ತರಣೆ ಬಂತು. ಅದನ್ನು ಮಾಡಿದ್ದು ಸೈಬರ್‌ಲೋರ್ ಅನ್ನುವ ಬೇರೆ ಕಂಪನಿ. 1998ರಲ್ಲಿ ಬಂದ ‘ಮೈಟ್ ಅಂಡ್ ಮ್ಯಾಜಿಕ್ 6’ ಅದೇ ಎನ್ರಾತಿನಲ್ಲಿ ನಡೆಯುತ್ತದೆ. ಈಗ ರಾಜ ರೋಲಂಡ್ ಶತ್ರುಗಳ ಕೈಗೆ ಸಿಕ್ಕಿ ಕಾಣೆಯಾಗಿದ್ದಾನೆ. ನಾಡು ಉಳಿಸಲು ಒಂದು ಮಂತ್ರ ಬೇಕು. ಅದು ಸಿಗುವುದು ಯಾರಿಂದ? ಅರಮನೆಯಲ್ಲಿ ಕಲ್ಲಾಗಿ ನಿಂತ ಆರ್ಚಿಬಾಲ್ಡನಿಂದ. ಆಡುವವರು ಅವನ ಶಾಪ ಬಿಡಿಸಬೇಕು. ಅವನು ಮಂತ್ರದ ಸುರುಳಿ ಕೊಡುತ್ತಾನೆ. ಯಾವ ಸೋದರನನ್ನು ಮನೆಯಿಂದ ಹೊರಗೆ ಹಾಕಿ ಬಾಗಿಲು ಮುಚ್ಚಿದ್ದರೋ, ಕಷ್ಟ ಬಂದಾಗ ಅವನ ಬಾಗಿಲೇ ತಟ್ಟಬೇಕಾಯಿತು.

1999ರ ಮೂರನೆಯ ಹೀರೋಸ್‌ನಲ್ಲಿ ರೋಲಂಡನ ಹೆಂಡತಿ ರಾಣಿ ಕ್ಯಾಥರಿನ್ ತವರಿನ ನಾಡು ಎರಾಥಿಯಾಕ್ಕೆ ಮರಳಿ, ಸತ್ತ ತಂದೆಯ ರಾಜ್ಯಕ್ಕಾಗಿ ಹೋರಾಡುತ್ತಾಳೆ. 2002ರ ನಾಲ್ಕನೆಯದರ ಹೊತ್ತಿಗೆ ಇನ್ಯಾರೋ ಇಬ್ಬರು ವೀರರು ಎರಡು ಮಾಯಾಖಡ್ಗ ಹಿಡಿದು ಎದುರಾದಾಗ, ಆ ಖಡ್ಗಗಳ ಏಟಿಗೆ ಆ ಲೋಕವೇ ಸಿಡಿದುಹೋಗುತ್ತದೆ. ಬದುಕುಳಿದವರು ಬೇರೆ ಲೋಕಕ್ಕೆ ವಲಸೆ ಹೋಗುತ್ತಾರೆ. ಕಾಲಜ್ಞಾನಿಗಳು ಸತ್ತು, ಕುಳ್ಳರ ಊರುಗಳು ಬಿದ್ದು, ರೈತರು ದಂಗೆ ಎದ್ದು ಕಾದಾಡಿದ್ದು ಯಾವ ನೆಲಕ್ಕಾಗಿಯೋ ಆ ನೆಲವೇ ಉಳಿಯಲಿಲ್ಲ.

ಆಟ ಮಾಡಿದ ಕಂಪನಿಯೂ ಉಳಿಯಲಿಲ್ಲ. 2003ರಲ್ಲಿ 3ಡಿಒ ದಿವಾಳಿಯಾಯಿತು, ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಬಾಗಿಲು ಹಾಕಿತು. ಮೈಟ್ ಅಂಡ್ ಮ್ಯಾಜಿಕ್ ಹೆಸರಿನ ಹಕ್ಕನ್ನು ಫ್ರಾನ್ಸಿನ ಯೂಬಿಸಾಫ್ಟ್ 13 ಲಕ್ಷ ಡಾಲರಿಗೆ ಕೊಂಡಿತು. 2006ರಲ್ಲಿ ಬಂದ ಐದನೆಯ ಹೀರೋಸ್ ಹೊಸ ಲೋಕ, ಹೊಸ ಕಥೆ. ರೋಲಂಡ್, ಆರ್ಚಿಬಾಲ್ಡ್ ಹಳೆಯ ಸಿಡಿಯಲ್ಲಿ ಉಳಿದರು.

ಫೋನಿನಲ್ಲಿ ಮತ್ತೆ

ಹಳೆಯ ಆಟವನ್ನು ಸಾಯಲು ಬಿಡದವರು ಆಡುವವರು. ‘ಎಫ್‌ಹೀರೋಸ್2’ ಅನ್ನುವ ಹೆಸರಿನಲ್ಲಿ ಸ್ವಯಂಸೇವಕ ಪ್ರೋಗ್ರಾಮರುಗಳು ಸೇರಿ ಈ ಆಟದ ಎಂಜಿನ್ನನ್ನು ಹೊಸದಾಗಿ ಬರೆದಿದ್ದಾರೆ. ಅದು ಉಚಿತ, ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಈಗಿನ ಕಂಪ್ಯೂಟರ್ ಜೊತೆಗೆ ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆ. ಆದರೆ ಚಿತ್ರ, ಸಂಗೀತ, ಕಥೆಯ ಫೈಲುಗಳು ಮೂಲ ಆಟದವೇ ಬೇಕು, ಅದನ್ನು ಹಣ ಕೊಟ್ಟು ಕೊಳ್ಳಬೇಕು. ಉಚಿತ ಅಂತ ಯಾರಾದರೂ ಕಳಿಸಿದ ಲಿಂಕ್ ಒತ್ತಿ ಫೋನು ಕೆಡಿಸಿಕೊಳ್ಳಬೇಡಿ. ಇದು ಸರದಿಯ ಆಟ. ನೆಟ್ ಹೋದರೂ ನಿಲ್ಲುವುದಿಲ್ಲ, ಬೆರಳಿನ ವೇಗ ಬೇಕಿಲ್ಲ, ಯೋಚನೆ ಬೇಕು. ಚದುರಂಗ ಆಡುವ ಹಿರಿಯರಿಗೂ ಹಿಡಿಸೀತು.

ಆಡುವವರಿಗೆ ನಮ್ಮ ಸಲಹೆ ಇಷ್ಟೇ. ಒಮ್ಮೆ ರೋಲಂಡನ ಕಡೆಯಿಂದ ಆಡಿ, ಒಮ್ಮೆ ಆರ್ಚಿಬಾಲ್ಡನ ಕಡೆಯಿಂದ. ಪ್ರತಿ ಹಂತ ಮುಗಿದಾಗ ಎಷ್ಟು ಕೋಟೆ ಗೆದ್ದಿರಿ ಅನ್ನುವುದರ ಜೊತೆ, ಎಷ್ಟು ರೈತರನ್ನು ಕೊಂಡಿರಿ, ಅವರಲ್ಲಿ ಎಷ್ಟು ಜನ ಉಳಿದರು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಪಕ್ಷ ಯಾವುದಾದರೂ ಆ ಲೆಕ್ಕ ಹೆಚ್ಚು ಬದಲಾಗುವುದಿಲ್ಲ.